ನಿಂಬೆಹಣ್ಣಿನ ಮೇಲೆ ಹೊರಿಸಿದ ಅಪಘಾತ

ಆ ಕಾರನ್ನು ಉರುಳಿಸಿದ್ದು ನಮ್ಮ ನಿಂಬೆಹಣ್ಣಲ್ಲ. ಉರುಳಿಸಿದವರು ಕ್ಲಬ್ಬಿನ ಅಧ್ಯಕ್ಷರು. ಎಲ್ಲವನ್ನೂ ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡವರು ಅವರ ಸಮಿತಿಯವರು. ಈ ಮಾತನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಿದ್ದೇನೆ. ಸಭ್ಯತೆಗೆ ಕಟ್ಟುಬಿದ್ದು ಕೊನೆಗೆ ಹೇಳೋಣವೆಂದು ಕಾದಾಗಲೆಲ್ಲ ಕಾಫಿ ತಣ್ಣಗಾಗಿ, ಕುರ್ಚಿಗಳು ಖಾಲಿಯಾಗಿ, ಸಭೆಯೇ ಮುಗಿದುಹೋಗಿದೆ.

ಧಾರವಾಡದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನಾನು ಜರ್ಮನಿಯವರು ಗ್ರೀನ್ ಕಾರ್ಡ್ ಕೊಟ್ಟು ಕರೆಸಿಕೊಂಡ ವರ್ಷಗಳಲ್ಲಿ ಮ್ಯಾನ್‌ಹೈಮ್ ಬಳಿಗೆ ಬಂದು ಸಾಫ್ಟ್‌ವೇರ್ ಬರೆಯುತ್ತಿದ್ದೆ. ಉಡುಪಿಯ ಗೆಳತಿಯೊಬ್ಬಳೂ ನಾನೂ ಒಂದು ಹಳೆಯ ಮನೆಯ ಅಟ್ಟದ ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೆವು. ಕೆಳಗೆ ಮನೆಯ ಮಾಲೀಕರು, ಹೆಂಡತಿ ತೀರಿಕೊಂಡ ವೃದ್ಧರು. ನಾವು ನಮ್ಮೊಳಗೆ ಅವರನ್ನು ಅಜ್ಜ ಎನ್ನುತ್ತಿದ್ದೆವು. ಅದು ಅವರ ಕಿವಿಗೆ ಬಿದ್ದು, ಅರ್ಥ ಕೇಳಿ ತಿಳಿದು, ಆಮೇಲೆ ಮೆಟ್ಟಿಲ ಕೆಳಗಿನಿಂದ ತಾವೇ "ಅಜ್ಜ ಕರೆಯುತ್ತಿದ್ದಾನೆ, ಇಳಿದು ಬನ್ನಿ" ಎಂದು ಕೂಗತೊಡಗಿದರು.

ಅವರು ಮೊದಲ ಸಲ ಕರೆದದ್ದು ಕಾರು ತೋರಿಸಲು. ಊರಾಚೆ, ಈಗ ವಿಮಾನ ಇಳಿಯದ ಹಳೆಯ ವಿಮಾನ ನಿಲ್ದಾಣದ ಶೆಡ್ಡಿನಲ್ಲಿ ಅದು ನಿಂತಿತ್ತು. ಬಾಗಿಲಿಲ್ಲ, ಚಾವಣಿಯಿಲ್ಲ. ಉದ್ದನೆಯ ಕಬ್ಬಿಣದ ಕೊಳವೆಗಳ ಚೌಕಟ್ಟು. ಮುಂದೆ ಸೈಕಲ್ಲಿನಂಥ ಎರಡು ಸಣಕಲು ಚಕ್ರ, ಹಿಂದೆ ನನ್ನ ಸೊಂಟದೆತ್ತರದ ಎರಡು ದಪ್ಪ ಟೈರು. ನಡುವೆ ಬೆತ್ತಲೆ ಎಂಜಿನ್ನು. ಚಾಲಕ ಕೂರುವುದು ಎಲ್ಲಕ್ಕಿಂತ ಹಿಂದೆ. ಅಜ್ಜ ಹುಡುಗನಾಗಿದ್ದಾಗ ಅಮೆರಿಕದ ಸೈನಿಕರು ಭಾನುವಾರಗಳಂದು ಇಂಥ ಕಾರುಗಳನ್ನು ಇದೇ ಕಾಂಕ್ರೀಟಿನ ಮೇಲೆ ಓಡಿಸುತ್ತಿದ್ದರಂತೆ. ಆಗ ಓಟ ಶುರುಮಾಡಲು ಈಗಿನಂತೆ ಹಸಿರು ದೀಪಗಳಿರಲಿಲ್ಲ, ಒಬ್ಬಾತ ಎರಡು ಕಾರುಗಳ ನಡುವೆ ನಿಂತು ಬಾವುಟ ಎತ್ತಿ ಮೇಲಕ್ಕೆ ಜಿಗಿಯುತ್ತಿದ್ದನಂತೆ. ಊರಿಗೆ ಮರಳುವಾಗ ಸೈನಿಕನೊಬ್ಬ ಬಿಟ್ಟುಹೋದ ಕಾರನ್ನು ಅಜ್ಜ ಕೊಂಡರು, ದುರಸ್ತಿ ಮಾಡಿದರು, ಮುದುಕರಾದ ಮೇಲೂ ಓಡಿಸುತ್ತಿದ್ದರು. ಈ ಓಟದಲ್ಲಿ ತಿರುವಿಲ್ಲ. ಕಾಲು ಮೈಲಿ ನೇರ ದಾರಿ, ಎರಡು ಕಾರು, ಮೊದಲು ಮುಟ್ಟಿದವರು ಗೆದ್ದಂತೆ. ನಮ್ಮ ಕಡೆ ಎತ್ತು ಕಟ್ಟಿ ಖಾಲಿ ಗಾಡಾ ಓಡಿಸುವ ಶರ್ಯತ್ತಿನಲ್ಲಿ ಸೋದರಮಾವನ ಹೆಗಲ ಮೇಲೆ ಕೂತು ಕಿರುಚಿದವಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕ್ಲಬ್ಬಿನಲ್ಲಿ ಹೆಚ್ಚಿನವರು ಅಜ್ಜನ ವಯಸ್ಸಿನವರೇ. ಮಡಚುವ ಕುರ್ಚಿ ಹಾಕಿ, ಸಾಸೇಜು ಸುಡುತ್ತ, ಯಾವ ವರ್ಷ ಯಾರ ಎಂಜಿನ್ನು ಸಿಡಿಯಿತು, ಯಾರ ಹುಬ್ಬು ಸುಟ್ಟಿತು ಎಂದು ಜಗಳವಾಡುತ್ತಿದ್ದರು. ನಮ್ಮನ್ನು ಕಂಡು ಒಬ್ಬ ಹೇಳಿದ: "ನಿಮಗೆ ಸರ್ಕಾರವೇ ಹಸಿರು ಕಾರ್ಡು ಕೊಟ್ಟಿದೆ. ಇನ್ನು ಇಲ್ಲಿ ಹಸಿರು ದೀಪಕ್ಕೆ ಯಾಕೆ ಕಾಯುತ್ತೀರಿ?" ಎಲ್ಲರೂ ನಕ್ಕರು. ಆಗ ನಾನೂ ನಕ್ಕಿದ್ದೆ.

ಅಲ್ಲಿ ಒಂದು ಕ್ರಮವಿತ್ತು. ಓಟದ ದಿನ ಎಂಜಿನ್ನಿಗೆ ಕೀಲಿ ಕೊಡುವ ಮೊದಲು ಎಲ್ಲ ಸದಸ್ಯರೂ ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಂತು, ತಲೆ ತಗ್ಗಿಸಿ, ಇಡೀ ಟ್ರ್ಯಾಕನ್ನು ನಿಧಾನವಾಗಿ ನಡೆಯಬೇಕು. ಕಲ್ಲು, ಮೊಳೆ, ನಟ್ಟು, ಏನು ಕಂಡರೂ ಹೆಕ್ಕಬೇಕು. ನನ್ನ ಗೆಳತಿ ಮೊದಲ ದಿನವೇ ಪಿಸುಗುಟ್ಟಿದಳು: "ಇದೆಂತದು ಮಾರಾಯ್ತಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ!" ಅಜ್ಜ ಕಣ್ಣೆತ್ತದೆ ಗದರಿದರು: "ನಡೆಯುವಾಗ ಮಾತಿಲ್ಲ." ಅದೊಂದೇ ಅವರ ಧರ್ಮವಾಗಿತ್ತು. ಆ ನಡಿಗೆಯಿಲ್ಲದೆ ಅವರು ಎಂದೂ ಸೀಟಿನಲ್ಲಿ ಕೂತವರಲ್ಲ. ಆ ಒಂದು ದಿನದ ಹೊರತು.

ನನಗೂ ಒಂದು ಕೆಲಸ ಸಿಕ್ಕಿತು. ಓಟಕ್ಕೆ ಮೊದಲು ಹಿಂದಿನ ಟೈರುಗಳನ್ನು ನೀರಿನ ಮೇಲೆ ಗರಗರ ತಿರುಗಿಸಿ ಕಾಯಿಸುತ್ತಾರೆ. ಹೊಗೆಯೆದ್ದು, ಕಾರು ಎರಡು ಕಪ್ಪು ಗೆರೆ ಎಳೆಯುತ್ತ ಮುಂದೆ ಹೋಗಿ ನಿಲ್ಲುತ್ತದೆ. ರಿವರ್ಸ್ ಗೇರ್ ಇಲ್ಲದ್ದರಿಂದ ಅದನ್ನು ಕೈಯಿಂದಲೇ ಹಿಂದಕ್ಕೆ ತಳ್ಳಿ ಅದೇ ಗೆರೆಗಳ ಮೇಲೆ ತಂದು ನಿಲ್ಲಿಸಬೇಕು. ಚಾಲಕನಿಗೆ ಹಿಂದಿನದು ಕಾಣುವುದಿಲ್ಲ. ಎದುರು ನಿಂತು ಅಂಗೈಗಳಿಂದ ಎಡ, ಬಲ, ಸಾಕು ಎಂದು ತೋರಿಸುವವರನ್ನಷ್ಟೇ ಅವನು ನೋಡುತ್ತಾನೆ. ಎರಡು ಸೀಸನ್ ಅಜ್ಜ ನೋಡಿದ್ದು ನನ್ನ ಅಂಗೈಗಳನ್ನು.

ಆ ವರ್ಷದ ಕೊನೆಯ ಓಟ ಆಯುಧ ಪೂಜೆಯ ದಿನವೇ ಬಂತು. ನಮ್ಮ ಕಡೆ ಖಂಡೇಪೂಜೆಯ ದಿನ ಗಾಡಿಗೆ ಕುಂಕುಮ ಹಚ್ಚದೆ ಹೊರಡುವುದಿಲ್ಲ. ಗೆಳತಿ ಟರ್ಕಿಯವರ ಅಂಗಡಿಯಿಂದ ಹಳದಿ ನಿಂಬೆಹಣ್ಣು ತಂದಿದ್ದಳು.

"ಇದೇನ, ಮೂಸಂಬಿ ತಂದೀಯಲ್ಲ?" ಎಂದೆ.

"ಇಲ್ಲಿ ಸಿಗುವುದು ಇದೇ ಮಾರಾಯ್ತಿ. ದೇವರಿಗೆ ಗೊತ್ತಾಗ್ತದೆ ಬಿಡು. ಒಂದು ಕುಂಬಳಕಾಯಿಯೂ ಒಡೆದುಬಿಡುವ."

"ಹುಚ್ಚಿ ಏನ? ಟ್ರ್ಯಾಕ್ ಮ್ಯಾಲೆ ಕುಂಬಳಕಾಯಿ ಒಡದ್ರ ಅಜ್ಜ ನಮ್ಮನ್ನ ಒಡೀತಾನ. ಲಿಂಬಿಹಣ್ಣೂ ಅಲ್ಲಿ ಬ್ಯಾಡ. ಶೆಡ್ಡಿನ ಮುಂದ ಇಡೂಣು."

ಹಾಗೆಯೇ ಮಾಡಿದೆವು. ಟ್ರ್ಯಾಕಿನಿಂದ ಬಹಳ ದೂರ, ಶೆಡ್ಡಿನ ಮುಂದಿನ ಮಣ್ಣಿನ ಮೇಲೆ, ಮುಂದಿನ ಎರಡು ಸಣಕಲು ಚಕ್ರಗಳ ಕೆಳಗೆ ಹಣ್ಣಿಟ್ಟು ಕಾರನ್ನು ಒಂದು ಮಾರು ತಳ್ಳಿದೆವು. ಬಳಿಕ ಚಕ್ರಗಳನ್ನು ಅಜ್ಜ ತಮ್ಮ ಕರವಸ್ತ್ರದಿಂದಲೇ ಒರೆಸಿದರು. ಈ ಕಾರನ್ನು ಓಡಿಸುವುದು ಹಿಂದಿನ ಚಕ್ರಗಳು. ಅವುಗಳಿಗೆ ನಿಂಬೆರಸದ ಹನಿಯೂ ತಾಗಿರಲಿಲ್ಲ.

ಟ್ರ್ಯಾಕಿಗೆ ತಾಗಿದ್ದು ಬೇರೆಯದು. ಅಧ್ಯಕ್ಷರು ಕಾರು ವ್ಯಾಪಾರಿಗಳು. ಹಿಂದಿನ ಸಂಜೆ ತಮ್ಮ ಗಿರಾಕಿಗಳಿಗೆ ಔತಣ ಕೊಡಲು ಅವರು ಟ್ರ್ಯಾಕಿನ ನಡುಭಾಗದಲ್ಲಿಯೇ ದೊಡ್ಡ ಟೆಂಟು ಹಾಕಿಸಿದ್ದರು. ಕಾಂಕ್ರೀಟಿನ ಸಂದುಗಳಲ್ಲಿ ಕಬ್ಬಿಣದ ಗೂಟ ಹೊಡೆಸಿದ್ದರು. ಬೆಳಿಗ್ಗೆ ಅವಸರದಲ್ಲಿ ಟೆಂಟು ಕಿತ್ತರು. ನಾವೆಲ್ಲ ಸಾಲುಗಟ್ಟಿ ನಿಂತಾಗ ಅವರು ಕೈಬೀಸಿ ಬಂದರು: "ಇವತ್ತು ನಡಿಗೆ ಬೇಡ. ಅತಿಥಿಗಳು ಚಳಿಯಲ್ಲಿ ಕಾಯುತ್ತಿದ್ದಾರೆ."

ಅಜ್ಜ ಹೇಳಿದರು: "ನಡೆಯದೆ ನಾನು ಓಡಿಸುವುದಿಲ್ಲ."

"ಹಾಗಾದರೆ ಬೇರೆ ಯಾರಾದರೂ ನಿನ್ನ ಕಾರು ಓಡಿಸುತ್ತಾರೆ. ಟ್ರ್ಯಾಕಿನ ಪರವಾನಗಿಯೂ ಓಟದ ಕಾರುಗಳ ನೋಂದಣಿಯೂ ಇರುವುದು ಕ್ಲಬ್ಬಿನ ಹೆಸರಿನಲ್ಲಿ, ನಿನ್ನ ಹೆಸರಿನಲ್ಲಲ್ಲ."

ಸಮಿತಿಯವರು ಬೂಟು ನೋಡುತ್ತ ನಿಂತಿದ್ದರು. ತಮ್ಮ ಕಾರನ್ನು ಪರರ ಕೈಗೆ ಕೊಡಲಾರದೆ ಅಜ್ಜ ಹೆಲ್ಮೆಟ್ ಹಾಕಿಕೊಂಡರು. ನಾನು ಎದುರು ನಿಂತು ಕಾರನ್ನು ಗೆರೆಗೆ ತಂದೆ; ಎರಡೂ ಅಂಗೈ ಎತ್ತಿ ಪಕ್ಕಕ್ಕೆ ಸರಿದೆ. ದೀಪ ಹಸಿರಾಯಿತು. ಟೆಂಟು ನಿಂತಿದ್ದ ಜಾಗದಲ್ಲಿ ಎಡಗಡೆಯ ಹಿಂದಿನ ಟೈರು ಸಿಡಿಯಿತು. ಕಾರು ಅಡ್ಡ ತಿರುಗಿ ಹುಲ್ಲಿಗೆ ನುಗ್ಗಿ ಮಗುಚಿತು.

ಚೌಕಟ್ಟಿನಲ್ಲಿ ಚಾಲಕನ ತಲೆಯ ಮೇಲೆ ಬಾಗಿದ್ದ ಕಬ್ಬಿಣದ ಕಮಾನು ಅಜ್ಜನ ಜೀವ ಉಳಿಸಿತು, ಆದರೆ ಅವರ ಮಣಿಕಟ್ಟು ಮುರಿಯಿತು. ಅವರನ್ನು ಆಂಬುಲೆನ್ಸಿಗೆ ಹತ್ತಿಸಿದ ಮೇಲೆ ನಾನು ಹಿಂದಿರುಗಿ ಟ್ರ್ಯಾಕನ್ನು ನಡೆದೆ, ಒಬ್ಬಳೇ, ತಲೆ ತಗ್ಗಿಸಿ. ಸಂದಿನಲ್ಲಿ ಬಾಗಿ ನಿಂತಿದ್ದ ಗೂಟ ಸಿಕ್ಕಿತು. ಅದರ ತುದಿಗೆ ಕಪ್ಪು ರಬ್ಬರು ಮೆತ್ತಿತ್ತು. ಟೈರಿನಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ಸೀಳಿತ್ತು.

ಮುಂದಿನ ಭಾನುವಾರ ವಿಚಾರಣೆ. ಗೂಟವನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಆದರೆ ಅಧ್ಯಕ್ಷರು ನಗುನಗುತ್ತ ಬೇರೆಯೇ ಪ್ರಶ್ನೆ ಕೇಳಿದರು: "ಆ ದಿನ ನೀವು ಚಕ್ರದ ಕೆಳಗೆ ಹಣ್ಣು ಇಟ್ಟಿರಂತೆ, ಹೌದೇ? ಎಷ್ಟು ಚೆನ್ನಾಗಿದೆ! ಯಾಕೆ ಇಡುತ್ತೀರಿ?"

ನಮ್ಮ ಹಬ್ಬದ ಬಗ್ಗೆ ಯಾರೋ ಕುತೂಹಲದಿಂದ ಕೇಳಿದರಲ್ಲ ಎಂಬ ಹಿಗ್ಗಿನಲ್ಲಿ ನಾವಿಬ್ಬರೂ ಸ್ಪರ್ಧೆಗೆ ಬಿದ್ದವರಂತೆ ವಿವರಿಸಿದೆವು. ಹಣ್ಣು ಹಿಸುಕಬೇಕು, ರಸ ಹರಿಯಬೇಕು, ದೃಷ್ಟಿ ಹೋಗಬೇಕು. ಗೆಳತಿಯಂತೂ ಕೈಯಾಡಿಸಿ ತೋರಿಸಿದಳು. ಪರದೇಶದಲ್ಲಿ ನಮ್ಮ ಪದ್ಧತಿಯನ್ನು ಯಾರಾದರೂ ಕೇಳಿದರೆ ನಾವು ಹೀಗೆಯೇ ಕರಗುತ್ತೇವೆ. ಕಾರ್ಯದರ್ಶಿ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದರು. ಅಧ್ಯಕ್ಷರು ನಗು ನಿಲ್ಲಿಸಿ ಹೇಳಿದರು: "ಒಪ್ಪಿಕೊಂಡಿದ್ದಾರೆ. ಸಭೆಯ ನಡಾವಳಿಯಲ್ಲಿ ಸೇರಿಸಿ."

ನಾನು ಗೂಟವನ್ನು ಮೇಜಿನ ಮೇಲೆ ಕುಕ್ಕಿದೆ. "ಇಂಥದ್ದು ಯಾವ ಅಂಗಡಿಯಲ್ಲೂ ಸಿಗುತ್ತದೆ" ಎಂದರು. ಟೈರು ತರಿಸಿ, ಸೀಳಿಗೆ ಹೊಂದಿಸಿ ನೋಡಿ ಎಂದೆ. ಟೈರು ಆಗಲೇ ಗುಜರಿಗೆ ಹೋಗಿತ್ತು. ಅಜ್ಜ ಸಭೆಗೆ ಬರುವ ಮೊದಲೇ ಸಮಿತಿಯವರು ಮಾತಾಡಿಕೊಂಡಿದ್ದ ತೀರ್ಪು ಹೊರಬಿತ್ತು: ಹೊರಗಿನವರ ಪೂಜೆಗೆ ಎಡೆಗೊಟ್ಟ ಅಜಾಗರೂಕತೆಗಾಗಿ ಅಜ್ಜ ಇನ್ನು ಮುಂದೆ ಕಾರು ಓಡಿಸುವಂತಿಲ್ಲ, ಅಪಾಯಕಾರಿ ಕಾರು ಸಮಿತಿಯ ವಶಕ್ಕೆ.

ಸಮಿತಿಯ ವಶವೆಂದರೆ ಅಧ್ಯಕ್ಷರ ಶೋರೂಮು. ಎಂಜಿನ್ನು ಕಳಚಿ, ಹೊಸ ಬಣ್ಣ ಬಳಿದು, ಕಾರನ್ನು ಗಾಜಿನ ಹಿಂದೆ ನಿಲ್ಲಿಸಿದ್ದಾರೆ. ಪಕ್ಕದ ಫಲಕದಲ್ಲಿ, ಟ್ರ್ಯಾಕಿನ ಮೇಲೆ ಹಣ್ಣು ಹಿಸುಕಿದ್ದರಿಂದ ಜಾರಿ ಉರುಳಿದ ಕಾರು ಎಂದು ಬರೆಸಿದ್ದಾರೆ. ಗಿರಾಕಿಗಳು ಓದಿ ನಗುತ್ತಾರೆ. ಅಜ್ಜ ಪ್ರತಿ ಶನಿವಾರ ಬ್ರೆಡ್ಡಿಗೆ ಹೊರಟವರು ಅಲ್ಲಿಗೆ ಹೋಗಿ ಹೊರಗಡೆ ನಿಲ್ಲುತ್ತಾರೆ. ಒಮ್ಮೆ ನಾನೂ ಜೊತೆಗಿದ್ದೆ. ಬಹಳ ಹೊತ್ತು ನೋಡಿ, "ಮುಂದಿನ ಚಕ್ರಕ್ಕೆ ಗಾಳಿ ಇಲ್ಲ" ಎಂದರು. ಮತ್ತೆ, "ಬಿಟ್ಟುಬಿಡು ಮಗಳೇ. ನನಗೆ ವಯಸ್ಸಾಯಿತು."

ನಾನು ಬಿಡುವುದಿಲ್ಲ. ಕ್ಷಮೆ ದೊಡ್ಡ ಗುಣವೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಗುಣ ಸದ್ಯಕ್ಕೆ ನನ್ನಲ್ಲಿಲ್ಲ. ಗೂಟ ನನ್ನ ಮೇಜಿನ ಮೇಲಿದೆ, ರಬ್ಬರಿನ ಕಲೆಯ ಸಮೇತ. ಹಿಗ್ಗಿ ಹೇಳಿದ ನಮ್ಮ ಹಬ್ಬದ ಮಾತನ್ನು ತಪ್ಪೊಪ್ಪಿಗೆಯಾಗಿ ತಿರುಚಿದವರು ಅದೇ ಮೇಜಿನ ಸುತ್ತ, ಅದೇ ಸದಸ್ಯರ ಮುಂದೆ, ಅದೇ ಕಾರ್ಯದರ್ಶಿ ಬರೆದುಕೊಳ್ಳುತ್ತಿರುವಾಗ ತಮ್ಮ ತಪ್ಪನ್ನು ಒಪ್ಪಿಕೊಳ್ಳುವುದನ್ನು ನಾನು ನೋಡಬೇಕು. ಅದಕ್ಕೆ ಸೇಡು ಎಂದು ಹೆಸರಿಡುವುದಾದರೆ ಇಡಲಿ.

ಆದ್ದರಿಂದ ಕ್ಲಬ್ಬಿನ ಅಧ್ಯಕ್ಷರನ್ನೂ ಸಮಿತಿಯ ಸದಸ್ಯರನ್ನೂ ವಿಧಿವತ್ತಾಗಿ ಕೇಳುತ್ತಿದ್ದೇನೆ. ಆ ದಿನದ ನಡಿಗೆಯನ್ನು ಯಾವ ಅಧಿಕಾರದಿಂದ ರದ್ದುಮಾಡಿದಿರಿ, ಟೈರನ್ನು ಗುಜರಿಗೆ ಕಳಿಸಿದವರು ಯಾರು ಎಂಬುದಕ್ಕೆ ಸಹಿಯೊಡನೆ ಲಿಖಿತ ಉತ್ತರ ಕೊಡಿ. ಆ ಫಲಕವನ್ನು ಕೀಳಿಸಿ. ಕಾರನ್ನು ಎಂಜಿನ್ನಿನ ಸಮೇತ ಅದರ ಒಡೆಯರ ಶೆಡ್ಡಿಗೆ ತಲುಪಿಸಿ, ಅವರ ಮೇಲಿನ ನಿಷೇಧವನ್ನು ಸದಸ್ಯರೆಲ್ಲರ ಎದುರು ಹಿಂತೆಗೆದುಕೊಳ್ಳಿ. ಇಷ್ಟೂ ಮುಂದಿನ ಸೀಸನ್ನಿನ ಮೊದಲ ಓಟಕ್ಕೆ ಮುಂಚೆ ಆಗಬೇಕು. ಮತ್ತು ಆ ಬೆಳಿಗ್ಗೆ ಯಾವ ಎಂಜಿನ್ನಿಗೂ ಕೀಲಿ ಕೊಡುವ ಮೊದಲು ಅಧ್ಯಕ್ಷರು ಇಡೀ ಟ್ರ್ಯಾಕನ್ನು ತಾವೊಬ್ಬರೇ, ತಲೆ ತಗ್ಗಿಸಿ, ಮಾತಿಲ್ಲದೆ ನಡೆಯಬೇಕೆಂದು ಕೋರುತ್ತೇನೆ.