ಕಿವಿಯ ಅಂಚಿನ ಹಸಿರು

ಅದು ೨೦೦೧. ಕುಮಟಾದಲ್ಲಿ ಮನೆವಾರ್ತೆ ನನ್ನ ಮೊದಲ ಕೆಲಸ. ತೀರಿಹೋದವರ ಭಾವಚಿತ್ರವನ್ನು ಆಯಿಲ್ ಬಣ್ಣದಲ್ಲಿ ಬರೆದುಕೊಡುವುದು ಎರಡನೆಯದು. ಫೋಟೊ ಕೊಟ್ಟರೆ ವರ್ಷಾಂತಿಕದ ಹೊತ್ತಿಗೆ ಚಿತ್ರ ಗೋಡೆ ಏರುತ್ತಿತ್ತು. ದೇವರು ಕೈಗೆ ಅಷ್ಟು ಕೊಟ್ಟಿದ್ದ. ಹೊನ್ನಾವರದ ವಿಮಲಾಳಿಗೆ ಇನ್ನಷ್ಟು ಕೊಟ್ಟಿದ್ದ. ಬ್ರಶ್ ಹಿಡಿಯಲು ನನ್ನ ಹತ್ತಿರವೇ ಕಲಿತವಳು. ಅವಳು ಬರೆದ ಮುಖದಲ್ಲಿ ರಕ್ತ ಓಡುತ್ತದೆ ಎಂದು ಜನ ಹೇಳಿದರೆ ನನಗೆ ಊಟ ಸೇರುತ್ತಿರಲಿಲ್ಲ.

ಕಾಗಾಲದ ಮಂಜುನಾಥ ತಾಯಿಯ ಫೋಟೊ ತಂದ. ಇದ್ದದ್ದು ಅದೊಂದೇ. ಫೋಟೊದಲ್ಲಿದ್ದ ಹಾಗೆಯೇ ಬಿಳಿಗೆ ತುಸು ಕೆಂಪು ಬೆರೆಸಿ ಮುಖ ಬರೆದೆ. ನೋಡಲು ಬಂದವನು ಸಪ್ಪಗಾದ.

“ಅಕ್ಕಾ, ಸೀರೆ ಅಮ್ಮಂದೇ. ಮುಖ ಬೇರೆ ಯಾರದ್ದೋ. ಸ್ಟುಡಿಯೊದವ ಅವತ್ತು ಪೌಡರ್ ಬಳಿದು ಕೂರ್ಸಿದ್ದ. ಅಮ್ಮ ಗದ್ದೇಲಿ ದುಡಿದು ಕಪ್ಪಾದವಳು. ಫೋಟೊ ಕೊಡಿ, ವಿಮಲಕ್ಕನ ಹತ್ರ ತೋರಿಸ್ತೆ.”

“ಇನ್ನೊಂದ್ಸಲ ಬರೀತೆ ಮಾರಾಯಾ. ಆಗದಿದ್ರೆ ನಾನೇ ಒಯ್ದು ಅವಳ ಕೈಗೆ ಕೊಡ್ತೆ, ಆತಾ?”

ಹೇಳಿದ್ದೇನೋ ಹೇಳಿಬಿಟ್ಟೆ. ಮರುದಿನವೇ ಹೊನ್ನಾವರದ ನಂಟರ ಮನೆಗೆ ಹೋದೆ; ಅಲ್ಲಿ ವಿಮಲಾ ಬರೆದ ಅಜ್ಜನ ಚಿತ್ರವಿತ್ತು. ಮನೆಯಾಕೆ ಚಾ ಮಾಡಲು ಒಳಗೆ ಹೋದದ್ದು ನನ್ನ ಪುಣ್ಯ. ಸ್ಟೂಲ್ ಹತ್ತಿದೆ. ಅಜ್ಜನ ಕಿವಿಯ ಅಂಚಿನಲ್ಲಿ ಮುಚ್ಚದೆ ಉಳಿದ ಒಂದೆಳೆ ಮಾಸಲು ಹಸಿರು! ಮೊದಲು ಹಸಿರು ಬಳಿದು, ಅದು ಒಣಗಿದ ಮೇಲೆ ಚರ್ಮದ ಬಣ್ಣ ತೆಳ್ಳಗೆ ಹಚ್ಚಿದ್ದಳು. ಇದಕ್ಕೆ ಅಂಡರ್‌ಪೇಂಟಿಂಗ್ ಎನ್ನುತ್ತಾರೆ. ಕೆಳಗಿನ ಹಸಿರಿನಿಂದಲೇ ಮೇಲಿನ ಕೆಂಪಿಗೆ ಜೀವ.

“ಅಯ್ಯೋ, ಮೇಲೆ ಹತ್ತಿ ಎಂತ ಮಾಡ್ತ್ರಿ?” ಚಾ ಹಿಡಿದು ಬಂದ ಮನೆಯಾಕೆ ಕೇಳಿದಳು.

“ಜೇಡ ಇತ್ತು” ಎಂದೆ.

ಮಂಜುನಾಥನ ತಂಗಿಗೆ ತಾಯಿಯದೇ ಮೈಬಣ್ಣ. ಅವಳನ್ನು ಕರೆಸಿ, ಮುಖ ತೊಳೆಸಿ ಕಿಟಕಿಯ ಬೆಳಕಿಗೆ ಕೂರಿಸಿದೆ. ಹಸಿರಿನ ಮೇಲೆ ಮಣ್ಣುಗೆಂಪು, ಗೋಪಿಚಂದನದಂಥ ಹಳದಿ. ಬಿಳಿ ಬಣ್ಣ ಮೂಗಿನ ತುದಿಗೆ ಮಾತ್ರ.

ವರ್ಷಾಂತಿಕದ ದಿನ ಆ ಹುಡುಗಿ, ಬಣ್ಣ ಇನ್ನೂ ಹಸಿ ಎಂದರೂ ಕೇಳದೆ, ಚಿತ್ರದ ಗಲ್ಲ ಮುಟ್ಟಿ ಅತ್ತಳು. ಮಂಜುನಾಥ ಕೈಮುಗಿದ. ದೂರದ ನಂಟಿನಿಂದ ವಿಮಲಾಳೂ ಊಟಕ್ಕೆ ಬಂದಿದ್ದಳು. ಎಲೆ ಹಾಕಿ ಕರೆದರೂ ಚಿತ್ರದ ಮುಂದಿನಿಂದ ಕದಲಲಿಲ್ಲ.

“ಅಕ್ಕಾ, ಈ ಕಪ್ಪಿಗೆ ಎಂತ ಹಾಕಿದ್ರಿ?”

“ದೇವರ ದಯೆ” ಎಂದೆ.

ಅವಳಿಗೂ ಅಂದು ಊಟ ಸೇರಲಿಲ್ಲ. ದೇವರು ಕೊಟ್ಟ ಸಣ್ಣಪುಟ್ಟ ಸುಖಗಳಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದಿಷ್ಟು: ಮೆಚ್ಚುವವರು ಚಿತ್ರವನ್ನು ನೆಲದ ಮೇಲೆ ನಿಂತು ನೋಡುತ್ತಾರೆ, ಹೊಟ್ಟೆಕಿಚ್ಚಿನವರು ಸ್ಟೂಲ್ ಹತ್ತಿ ನೋಡುತ್ತಾರೆ. ಹಾಗಾಗಿ ನಾನು ಕಿವಿಯ ಅಂಚನ್ನು ಪೂರ್ತಿ ಮುಚ್ಚಿಯೇ ಬ್ರಶ್ ತೊಳೆಯುವುದು.