ನೀಲಗಂಗಾಳ ಕಣ್ಣು

ಕಳವಾ ಎಂಬ ಊರಿನ ನಮ್ಮ ಚಾಳಿನಲ್ಲಿ ನೀಲಗಂಗಾಳ ಹೊಟ್ಟೆಕಿಚ್ಚು ಯಾರಿಗೂ ಗುಟ್ಟಲ್ಲ. ಕಲಬುರಗಿಯಿಂದ ಬಂದ ಅಣ್ಣತಮ್ಮಂದಿರಿಬ್ಬರು ಇಲ್ಲಿ ನನ್ನ ಖೋಲಿಯ ಎದುರಿಗೆ ಅಕ್ಕಪಕ್ಕದ ಖೋಲಿಗಳಲ್ಲಿದ್ದಾರೆ. ಅಣ್ಣ, ಅಂದರೆ ನೀಲಗಂಗಾಳ ಗಂಡ, ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ. ತಮ್ಮನಿಗೆ ಕಂಪನಿಯಲ್ಲಿ ಪರ್ಮನೆಂಟ್ ಕೆಲಸ. ತಮ್ಮನ ಹೆಂಡತಿ ಜ್ಯೋತಿ ಫ್ರಿಜ್ ತಂದ ದಿನ ನೀಲಗಂಗಾ ಅದನ್ನೇ ನೋಡುತ್ತ ನಿಂತು ಅನ್ನದ ತಳ ಹಿಡಿಸಿದಳು. ಜ್ಯೋತಿಯೇನು ಕಡಿಮೆಯೇ? ನೆಗೆಣ್ಣಿ ನೀಲಗಂಗಾ ಹೊಸ್ತಿಲು ತುಳಿದರೆ ಸಾಕು, ಮಗಳು ಸ್ನೇಹಲ್‌ಳ ತಾಟನ್ನು ಸೆರಗಿನಿಂದ ಮುಚ್ಚುತ್ತಿದ್ದಳು.

ಈ ಸಲ ಸ್ನೇಹಲ್ ಹನ್ನೆರಡನೆಯದರಲ್ಲಿ ಫಸ್ಟ್ ಕ್ಲಾಸ್ ಬಂದಳು. ನೀಲಗಂಗಾಳ ಮಗ ನಪಾಸು. ಪೇಢೆ ಹಂಚಿದ ಮರುದಿನವೇ ಹುಡುಗಿಗೆ ಹೊಟ್ಟೆನೋವು, ವಾಂತಿ. ಜ್ಯೋತಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರು ಎಂದೇ ಅರ್ಥ. ಯಾರ ದೃಷ್ಟಿ ಎಂದು ಬೇರೆ ಕೇಳಬೇಕೆ? ನೆಗೆಣ್ಣಿಯ ಬಾಗಿಲಿಗೇ ಬಂದು, ನಿವಾಳಿಸಲು ನಿನ್ನ ಪಾದದ ಮಣ್ಣು ಒಂದು ಚಿಟಿಕೆ ಕೊಡು ಎಂದಳು.

ನೀಲಗಂಗಾಳಿಗೆ ಮೈಯೆಲ್ಲ ಉರಿಯಿತು. ಮಣ್ಣು ಕೊಡಲಿಲ್ಲ, ನೇರ ಅವರ ಖೋಲಿಗೆ ನುಗ್ಗಿದಳು. ಸ್ನೇಹಲ್ ಕಾಲು ಮಡಚಿ ಮುದುಡಿದ್ದಳು, ಮೈ ಸುಡುತ್ತಿತ್ತು. ನೋವು ಮೊದಲು ಹೊಕ್ಕುಳ ಸುತ್ತ ಇತ್ತು, ಈಗ ಕೆಳಗೆ ಬಲಕ್ಕೆ ಇಳಿದಿದೆ, ಕೆಮ್ಮಿದರೂ ಜೀವ ಹೋಗುತ್ತದೆ ಎಂದು ಮರಾಠಿಯಲ್ಲಿ ಅತ್ತಳು.

"ನನ್ನ ಕಣ್ಣಿಗಿ ಅಷ್ಟು ತಾಕತ್ ಇದ್ದಿದ್ರ ನಿನ್ನ ಫ್ರಿಜ್ ಎಂದೋ ಸುಟ್ಟು ಬೂದಿ ಆಗ್ತಿತ್ತು," ಎಂದಳು ನೀಲಗಂಗಾ. "ಹೊಟ್ಟಿಕಿಚ್ಚು ನಂಗದ, ಖರೆ. ಆದ್ರ ಈ ನೋವು ನಂದಲ್ಲ. ರಿಕ್ಷಾ ಕರಿ."

ರಿಕ್ಷಾ ಕುಲುಕಿದಾಗಲೆಲ್ಲ ಹುಡುಗಿ ಚೀರಿದಳು. ದವಾಖಾನೆಯಲ್ಲಿ ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಕೈ ತೆಗೆದಾಗ ಇನ್ನೂ ಜೋರಾಗಿ ಚೀರಿದಳು. ಸೋನೋಗ್ರಫಿ ಆಯಿತು. ಅಪೆಂಡಿಕ್ಸ್ ಊದಿದೆ, ಒಡೆದರೆ ಜೀವಕ್ಕೇ ಅಪಾಯ, ಈಗಲೇ ಆಪರೇಷನ್ ಎಂದರು. ಜ್ಯೋತಿ ಕಾಗದಕ್ಕೆ ಸಹಿ ಹಾಕಿದಳು. ನೀಲಗಂಗಾ ಅವಳನ್ನು ತೋಳಲ್ಲಿ ಹಿಡಿದು ಆಪರೇಷನ್ ಖೋಲಿಯ ಬಾಗಿಲ ಹೊರಗೆ ಕಲಬುರಗಿಯ ತಮ್ಮ ದೇವರಿಗೆ ಗೊಣಗುತ್ತಲೇ ಇದ್ದಳು.

"ಇವರ ಮನಿಗಿ ಇನ್ನೂ ಹತ್ತು ಫ್ರಿಜ್ ಬರ್ಲಿ, ಶರಣಬಸಪ್ಪಾ. ನಾ ಉರ್ಕೋತ ಇರ್ತೀನಿ. ಹುಡುಗಿ ಒಂದು ಉಳೀಲಿ."

ಹುಡುಗಿ ಉಳಿದಳು. ಉಣ್ಣಬಹುದು ಎಂದು ಡಾಕ್ಟರು ಹೇಳಿದ ದಿನ ಜ್ಯೋತಿ ಗಂಜಿಯ ಬಟ್ಟಲನ್ನು ನೆಗೆಣ್ಣಿಯ ಕೈಗಿಟ್ಟಳು.

"ಅಕ್ಕಾ, ನಿನ್ನ ಕಣ್ಮುಂದನೇ ಉಣ್ಲಿ."

ನೀಲಗಂಗಾ ಚಮಚ ಚಮಚವಾಗಿ ಉಣಿಸಿದಳು. ಸಂಜೆ ಚಾಳಿಗೆ ಮರಳಿದವಳು ನನ್ನೆದುರು ಕೂತು, ಆ ಹುಡುಗಿಯ ಮಂಚದ ಹತ್ತಿರ ಎಷ್ಟು ಸೇಬು ಬಿದ್ದಿವೆ, ತನ್ನ ಬಾಣಂತನಕ್ಕೆ ಒಬ್ಬರಾದರೂ ಒಂದು ತಂದಿದ್ದರೇ ಎಂದು ಹೊಟ್ಟೆ ಉರಿದುಕೊಂಡಳು.