ಸ್ವಿಚ್ಚಿಗೆ ಕಟ್ಟಿದ ದಸ್ತಿ

2022ರ ಹತ್ತಿ ಹಂಗಾಮಿನಲ್ಲಿ ನಾನು ಶಹಾಪುರ ಸಮೀಪದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಮೆಂಟೆನೆನ್ಸ್ ಫೋರ್‌ಮನ್ ಆಗಿದ್ದೆ. ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ ಅದು. ಹನ್ನೊಂದು ವರ್ಷದ ಸರ್ವಿಸ್, ಕೈಕೆಳಗೆ ನಾಲ್ಕು ಮಂದಿ ಫಿಟ್ಟರ್‌ಗಳು. ಆ ಹಂಗಾಮು ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟೆ. ಮ್ಯಾನೇಜರ್ ಕಾಟಕ್ಕೆ ಬಿಟ್ಟ ಎಂದು ಜನ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ನಮ್ಮ ಮಿಲ್ಲಿನಲ್ಲಿ ಒಂದು ಪದ್ಧತಿ ಇತ್ತು. ಹತ್ತಿಯ ಕಸ ತೆಗೆಯುವ ಕ್ಲೀನರ್ ಯಂತ್ರದೊಳಗೆ ಮುಳ್ಳುಮುಳ್ಳಿನ ದೊಡ್ಡ ಡ್ರಮ್ ತಿರುಗುತ್ತದೆ. ಹಸಿ ಹತ್ತಿ ಬಂದರೆ ಅದು ಜಾಮ್ ಆಗುತ್ತದೆ. ಆಗ ಮುಚ್ಚಳ ತೆಗೆದು, ಕೈ ಹಾಕಿ ಬಿಡಿಸಬೇಕು. ಆದರೆ ಸ್ವಿಚ್ಚುಗಳಿರುವ ಪ್ಯಾನೆಲ್ ರೂಮು ಅಂಗಳದ ಆಚೆ. ಅಲ್ಲಿ ನಿಂತವರಿಗೆ ಯಂತ್ರದ ಹತ್ತಿರ ಯಾರಿದ್ದಾರೆ ಎಂಬುದು ಕಾಣುವುದಿಲ್ಲ. ಹಾಗಾಗಿ ಕೈ ಹಾಕುವವನು ಮೊದಲು ಹೋಗಿ ಸ್ವಿಚ್ ಬಂದ್ ಮಾಡಿ, ಅದರ ಹಿಡಿಕೆಗೆ ತನ್ನ ದಸ್ತಿ, ಅಂದರೆ ಕರವಸ್ತ್ರ, ಕಟ್ಟಿ ಬರುತ್ತಿದ್ದ. ಕಟ್ಟಿದವನೇ ಬಿಚ್ಚಬೇಕು. ಮಾಲೀಕರು ಬಂದರೂ ಮುಟ್ಟುವಂತಿಲ್ಲ. ಯಾವ ರೂಲ್ ಬುಕ್ಕಿನಲ್ಲೂ ಇದು ಇರಲಿಲ್ಲ, ಆದರೂ ಹನ್ನೊಂದು ವರ್ಷ ನಮ್ಮೆಲ್ಲರ ಕೈಗಳನ್ನು ಕಾಪಾಡಿತ್ತು.

ಆ ವರ್ಷ ಹೊಸ ಮ್ಯಾನೇಜರ್ ಬಂದರು, ದಕ್ಷಿಣದ ಕಡೆಯವರು. ಬಂದ ಎರಡನೇ ದಿನವೇ ನಮ್ಮ ರೂಮಿನ ಕುರ್ಚಿಗಳನ್ನು ಎತ್ತಿಸಿದರು. ಕುಳಿತರೆ ಕೆಲಸ ಆಗುವುದಿಲ್ಲ ಎಂಬುದು ಅವರ ಸಿದ್ಧಾಂತ. ಅವರ ಸ್ವಂತ ಕುರ್ಚಿಗೆ ಅದು ಅನ್ವಯಿಸುತ್ತಿರಲಿಲ್ಲ. ನಮ್ಮನ್ನು ಹೆಸರು ಹಿಡಿದು ಕರೆದವರಲ್ಲ, "ಏಯ್ ಮೆಂಟೆನೆನ್ಸ್" ಎಂದರೆ ಮುಗಿಯಿತು. ಯಂತ್ರ ಹತ್ತು ನಿಮಿಷ ನಿಂತರೆ ಹತ್ತು ಜನರೆದುರು ಬೈಗುಳ. ಇದನ್ನೆಲ್ಲ ನುಂಗಿಕೊಂಡೆವು. ಹೊಟ್ಟೆಪಾಡು ನೋಡಿ.

ಒಂದು ಬೆಳಗ್ಗೆ ಅವರು ಪ್ಯಾನೆಲ್ ರೂಮಿಗೆ ಹೋಗಿ, ಕಟ್ಟಿದ್ದ ದಸ್ತಿಯನ್ನು ತಾವೇ ಬಿಚ್ಚಿ ಎಸೆದು ಸ್ವಿಚ್ ಹಾಕಿಬಿಟ್ಟರು. ದಸ್ತಿ ಸುರಪುರದ ಖಾಜಾಸಾಬನದು, ನಮ್ಮಲ್ಲೇ ಒಳ್ಳೆಯ ಫಿಟ್ಟರ್. ಪುಣ್ಯಕ್ಕೆ ಅವನು ಕೆಲಸ ಅರ್ಧಕ್ಕೆ ನಿಲ್ಲಿಸಿ ಚಹಾಕ್ಕೆ ಹೋಗಿದ್ದ. ವಿಷಯ ತಿಳಿದು ನೇರ ನನ್ನ ಹತ್ತಿರ ಬಂದ.

"ಮಲ್ಲಣ್ಣಾ, ಇವತ್ತ ಹೊರಗಿದ್ದೆ, ನಡೀತು. ನಾಳಿ ಒಳಗ ಕೈ ಇದ್ದಾಗ ಹಿಂಗಾದ್ರ? ನೀವರ ಸಾಹೇಬ್ರಿಗೆ ಹೇಳ್ರಿ."

"ನಾ ಮಾತಾಡ್ತೀನಿ, ನೀ ಹೋಗು" ಅಂದೆ.

ಮ್ಯಾನೇಜರ್ ಕ್ಯಾಬಿನ್ನಿಗೆ ಹೋದೆ ಕೂಡ. ಅವರು ತಲೆ ಎತ್ತಿ "ಏನ್ರೀ?" ಎಂದರು. ಮಗಳ ಕಾಲೇಜು, ನನ್ನ ವಯಸ್ಸು, ಇನ್ನೊಂದು ಕೆಲಸ ಯಾರು ಕೊಟ್ಟಾರು ಎಂಬುದೆಲ್ಲ ಒಮ್ಮೆಗೇ ಕಣ್ಣೆದುರು ಬಂದು ನಿಂತಿತು. ಹೊಸ ಬೆಲ್ಟುಗಳು ಬೇಕಾಗಿವೆ ಸರ್ ಎಂದು ಹೇಳಿ ಹೊರಬಂದೆ. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ಖಾಜಾಸಾಬನಿಗೆ ಮಾತ್ರ "ಹೇಳೀನಿ" ಎಂದು ಸುಳ್ಳು ಹೇಳಿದೆ.

ಎರಡು ವಾರ ಕಳೆದಿರಬೇಕು. ಇಬ್ಬನಿಗೆ ನೆನೆದ ಹತ್ತಿ ಬಂದು ಮಧ್ಯಾಹ್ನದ ಹೊತ್ತಿಗೆ ಡ್ರಮ್ ಜಾಮ್ ಆಯಿತು. ಗೇಟಿನಾಚೆ ಲಾರಿಗಳ ಸಾಲು. ಖಾಜಾಸಾಬ್ ದಸ್ತಿ ಕಟ್ಟಿ ಬಂದು, ಮುಚ್ಚಳ ತೆಗೆದು ಬಲಗೈ ಒಳಗೆ ಹಾಕಿದ್ದ. ನಾನು ಯಂತ್ರಗಳ ಹಾಲ್‌ನ ಬಾಗಿಲಲ್ಲಿದ್ದೆ. ಅಂಗಳದಾಚೆ ಪ್ಯಾನೆಲ್ ರೂಮಿನ ತೆರೆದ ಬಾಗಿಲೊಳಗೆ ಮ್ಯಾನೇಜರ್ ಗಂಟು ಬಿಚ್ಚುತ್ತಿರುವುದು ಕಂಡಿತು. ಕೂಗುತ್ತ ಓಡಿದೆ. ಉಳಿದ ಯಂತ್ರಗಳ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಅರ್ಧ ಅಂಗಳ ದಾಟುವಷ್ಟರಲ್ಲಿ ಡ್ರಮ್ ತಿರುಗಿತ್ತು.

ಜೀಪಿನಲ್ಲಿ ಯಾದಗಿರಿಗೆ, ಅಲ್ಲಿಂದ ಕಲಬುರಗಿಗೆ ಒಯ್ದೆವು. ಬಲಗೈಯನ್ನು ಮೊಣಕೈ ಮೇಲಿನಿಂದ ತೆಗೆದರು.

ಮರುದಿನ ಮ್ಯಾನೇಜರ್ ನನ್ನನ್ನು ಕರೆಸಿದರು. ಮೊದಲ ಸಲ ಕುಳಿತುಕೊಳ್ಳಲು ಹೇಳಿದರು. ಮೇಜಿನ ಮೇಲೆ ಟೈಪ್ ಮಾಡಿದ ಅಪಘಾತ ವರದಿ ಇತ್ತು. ಸ್ವಿಚ್ ಬಂದ್ ಮಾಡದೆ, ಗುರುತು ಕಟ್ಟದೆ ಕೈ ಹಾಕಿದ್ದು ಕಾರ್ಮಿಕನ ನಿರ್ಲಕ್ಷ್ಯ ಎಂದು ಬರೆದಿತ್ತು. ಕೆಳಗೆ ಸಾಕ್ಷಿಯಾಗಿ ನನ್ನ ಹೆಸರು. ಅದಕ್ಕೆ ಸಹಿ ಬಿದ್ದರೆ ಖಾಜಾಸಾಬನ ಕೈಗೆ ಅವನೇ ಹೊಣೆಗಾರ. ಅವನಿಗೆ ಪರಿಹಾರವೂ ಇಲ್ಲ, ಮುಂದೆ ಯಾವ ಮಿಲ್ಲಿನಲ್ಲೂ ಕಾವಲುಗಾರನ ಕೆಲಸ ಕೂಡ ಇಲ್ಲ.

"ದಸ್ತಿ ಕಟ್ಟಿದ್ದನ್ರಿ ಸರ್" ಅಂದೆ.

"ಯಾರು ನೋಡಿದ್ದಾರೆ?"

"ನೀವು ಬಿಚ್ಚೂದು ನಾ ನೋಡೀನ್ರಿ."

ಅವರು ವರದಿಯನ್ನು ನನ್ನ ಕಡೆ ಸರಿಸಿ, "ಯೋಚನೆ ಮಾಡಿ. ನಿಮಗೂ ಸಂಸಾರ ಇದೆ" ಎಂದರು. ಯೋಚಿಸುವಂಥದ್ದು ಏನೂ ಉಳಿದಿರಲಿಲ್ಲ. ಪಕ್ಕದ ಆಫೀಸಿನಲ್ಲಿ ನಿಂತೇ, ಕಂಡದ್ದನ್ನು ಕಂಡ ಹಾಗೆ ಬರೆದು, ಅದೇ ಕಾರಣಕ್ಕೆ ರಾಜೀನಾಮೆ ಎಂದು ಕೊನೆಗೆ ಸೇರಿಸಿದೆ. ಒಂದು ಪ್ರತಿಯನ್ನು ಮಿಲ್ಲಿಗೆ ಕೊಟ್ಟು, ಇನ್ನೊಂದನ್ನು ಸರ್ಕಾರದಿಂದ ತನಿಖೆಗೆ ಬಂದ ಅಧಿಕಾರಿಯ ಕೈಗೆ ಕೊಟ್ಟೆ. ಆ ಅಧಿಕಾರಿಯ ಕೊನೆಯ ವರದಿಯಲ್ಲಿ ಖಾಜಾಸಾಬನ ತಪ್ಪಿಲ್ಲ ಎಂದಾಯಿತು. ಮ್ಯಾನೇಜರ್ ಅದೇ ಮಾಲೀಕರ ಇನ್ನೊಂದು ಮಿಲ್ಲಿಗೆ ಹೋದರು. ನನಗೆ ಎಂಟು ತಿಂಗಳು ಎಲ್ಲೂ ಕೆಲಸ ಸಿಗಲಿಲ್ಲ.

ಆ ನಡುವೆ ಸುರಪುರಕ್ಕೆ ಹೋಗಿ ಖಾಜಾಸಾಬನನ್ನು ಕಂಡೆ. ಅವನ ಹೆಂಡತಿ ಚಹಾ ತಂದಿಟ್ಟಳು. ಅವನು ಎಡಗೈಯಲ್ಲಿ ಕಪ್ಪು ಎತ್ತಿ, ಚೆಲ್ಲದ ಹಾಗೆ ನಿಧಾನವಾಗಿ ಕುಡಿದ. ಕೆಲಸ ಬಿಟ್ಟೆ ಎಂದು ನಾನೇ ಹೇಳಿದೆ. ಒಂದು ಒಳ್ಳೆಯ ಮಾತು ಬಂದೀತೆಂಬ ಆಸೆ ಇತ್ತೇನೋ.

"ಖರೇ ಬರದು ಕೊಟ್ರಿ ಅಣ್ಣಾ, ಭಾಳ ಉಪಕಾರ ಆತು" ಎಂದ. ಆಮೇಲೆ ನೆಲ ನೋಡುತ್ತ, "ಆವತ್ತ ನೀವು ಹೇಳೀನಿ ಅಂದಿದ್ರಿ. ಅದ್ಕ ನಾ ಧೈರ್ಯದಿಂದ ಕೈ ಹಾಕಿದ್ನ್ರಿ" ಎಂದ.

ಶಹಾಪುರದಲ್ಲಿ ಈಗಲೂ ಕೆಲವರು, ಸತ್ಯಕ್ಕಾಗಿ ನೌಕರಿ ಬಿಟ್ಟವನು ಎಂದು ನನ್ನನ್ನು ತೋರಿಸುತ್ತಾರೆ. ಕೆಲಸ ಕಲಿಸಿದ ಪಾಠ ಬೇರೆಯೇ. ಮೊದಲ ಸಲವೇ ಆ ಕ್ಯಾಬಿನ್ನಿನಲ್ಲಿ ಬಾಯಿ ಬಿಟ್ಟಿದ್ದರೆ ಹೆಚ್ಚೆಂದರೆ ನನ್ನ ನೌಕರಿ ಹೋಗುತ್ತಿತ್ತು. ನೌಕರಿ ಕೊನೆಗೂ ಹೋಯಿತು, ಅದಕ್ಕಿಂತ ಮೊದಲು ಖಾಜಾಸಾಬನ ಕೈ ಹೋಯಿತು.